ರಾಣಿಯ ಎಡಗಣ್ಣು

ಮಳೆ ರಾತ್ರಿಯೆಲ್ಲ ಸುರಿದು ಬೆಳಗಿನ ಜಾವಕ್ಕೆ ನಿಂತಿತ್ತು. ದಣಿದ ಮೇಘಮಾಲೆ ಮನೆಗಳ ಮಾಡಿನ ಮೇಲೇ ಮೈಚಾಚಿ ಮಲಗಿತ್ತು. ಹೆಂಚಿನ ಅಂಚಿನ ಜಲಬಿಂದುಗಳು ಬೀಳಲೋ ಬೇಡವೋ ಎಂದು ಅನುಮಾನಿಸುತ್ತ ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಕಲ್ಲುಹಾಸಿನ ಇಕ್ಕಟ್ಟು ಬೀದಿ ಇನ್ನೂ ಯಾರ ಹೆಜ್ಜೆಯನ್ನೂ ಬರೆಸಿಕೊಳ್ಳದೆ, ತೊಳೆದಿಟ್ಟ ಹಲಗೆಯಂತೆ ಹೊಳೆಯುತ್ತಿತ್ತು. ಆಮೇಲೆ ಬಂತು ಆ ಬೆಳಕು... ಬಂಗಾರದ್ದಲ್ಲ, ಬೆಳ್ಳಿಯದ್ದಲ್ಲ, ಯಾವ ವಸ್ತುವಿನ ಮೇಲೂ ಪಕ್ಷಪಾತ ತೋರದೆ, ನೆರಳನ್ನು ನೆರಳಿನ ಪಾಡಿಗೆ ಬಿಟ್ಟು, ಸದ್ದಿಲ್ಲದೆ ಒಳಗೆ ಬಂದು ಕೂರುವ ನಿರ್ಮಲ ಶ್ವೇತಕಾಂತಿ! ಲೋಕವೆಲ್ಲ ಅರುಣೋದಯವನ್ನು ಹೊಗಳಿ ಹೊಗಳಿ ಮೋಡದ ಬೆಳಕಿಗೆ ಅನ್ಯಾಯ ಮಾಡಿದೆಯೆಂದು ನನಗೆ ಮೊದಲಿನಿಂದಲೂ ಸಿಟ್ಟು. ಸಹೃದಯ ಓದುಗರೇ, ಈ ಕಥೆಯಲ್ಲಿ ನಾನು ಸಿಟ್ಟಾಗುವುದು ಇದೊಂದೇ ಸಲವಲ್ಲ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೇಸರಿಸಬೇಡಿ.

ಆ ಬೆಳಕಿಗಾಗಿ ದಿನವೂ ಕಾದು ಕೂರುವ ಹೆಂಗಸೊಬ್ಬಳು ಬೀದಿಯ ತಿರುವಿನ ಮನೆಯ ಮಹಡಿಯಲ್ಲಿದ್ದಳು. ಉತ್ತರದ ಕಿಟಕಿಯಡಿ ಅವಳ ಮೇಜು. ಅದರ ಮೇಲೆ ತಾಮ್ರದ ತಗಡುಗಳು, ಹಿಡಿ ಸವೆದ ಸೂಜಿಗಳು, ಮೇಣದುಂಡೆ, ಮಸಿ ಕುಡಿದು ಗಟ್ಟಿಯಾದ ಬಟ್ಟೆಯ ಗಂಟುಗಳು. ಗೋಡೆಯ ಪಕ್ಕ ಮುಚ್ಚಳ ಹಾಕಿಟ್ಟ ಆಮ್ಲದ ತಟ್ಟೆ. ನಡುವೆ, ಮನೆಗೇ ಹಿರಿಯನಂತೆ ಕಾಲೂರಿ ನಿಂತ ಕಬ್ಬಿಣದ ಉರುಳೆಯಂತ್ರ. ತಗಡಿಗೆ ಮೇಣ ಬಳಿದು, ಮೇಣದ ಮೇಲೆ ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿದರೆ, ಗೀರಿದಷ್ಟನ್ನು ಮಾತ್ರ ಆಮ್ಲ ತಿನ್ನುತ್ತದೆ. ತಿಂದ ಗೆರೆಯೊಳಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಹಾಳೆ ಹಾಸಿ ಉರುಳೆಯಡಿ ಸಾಗಿಸಿದರೆ ಚಿತ್ರ ಹಾಳೆಗಿಳಿಯುತ್ತದೆ. ಇಳಿಯುವಾಗ ಎಡದ್ದೆಲ್ಲ ಬಲಕ್ಕೆ, ಬಲದ್ದೆಲ್ಲ ಎಡಕ್ಕೆ ಮಗುಚಿಕೊಳ್ಳುತ್ತದೆ. ಹೀಗಾಗಿ ಆ ಚಿತ್ರಗಾರ್ತಿ ಜೀವಮಾನವೆಲ್ಲ ಲೋಕವನ್ನು ತಿರುವುಮುರುವಾಗಿ ಬರೆಯುತ್ತ ಬಂದವಳು. ನೇರವಾಗಿದ್ದದ್ದು ಅವಳ ನಾಲಿಗೆಯೊಂದೇ.

ಏನು ಬರೆಯುತ್ತಿದ್ದಳು ಅವಳು! ಕಿವಿ ಹರಿದ ಮುದಿ ಕತ್ತೆ, ಒಂದು ಕಾಲೆತ್ತಿಕೊಂಡೇ ನಿದ್ದೆ ಹೋದ ಬೀದಿನಾಯಿ, ಕೊಂಬೆಯ ಮೇಲೆ ಯಾರ ಮಾತಿಗೂ ತಲೆಯಾಡಿಸದೆ ಕುಳಿತ ಗೂಬೆ. ಪುರಾಣಲೋಕದ ರೆಕ್ಕೆಕುದುರೆಯನ್ನು ಬರೆದರೆ, ಗಾಡಿ ಎಳೆದು ಎಳೆದು ಹೆಗಲಮೂಳೆ ಎದ್ದ ಕುದುರೆಗೇ ರೆಕ್ಕೆ ಮೂಡಿರುತ್ತಿತ್ತು. ಮತ್ಸ್ಯಕನ್ಯೆಯನ್ನು ಬರೆದರೆ, ಅವಳು ಬಂಡೆಯ ಮೇಲೆ ಕುಳಿತು ಕೂದಲು ಬಾಚದೆ, ಹರಿದ ಬಲೆಯೊಂದನ್ನು ಹಲ್ಲಲ್ಲಿ ಕಚ್ಚಿ ಹೆಣೆಯುತ್ತಿರುತ್ತಿದ್ದಳು. ಅವಳು ನಡುವಯಸ್ಸು ದಾಟುತ್ತಿದ್ದರೂ ಈ ಚಿತ್ರಗಳು ಯಾವ ದೊಡ್ಡ ಗೋಡೆಯನ್ನೂ ಕಂಡಿರಲಿಲ್ಲ. "ತುಂಬ ಚೆನ್ನಾಗಿದೆ, ಆದರೆ..." ಎಂಬ ಮಾತು ಕೇಳಿಸಿಕೊಂಡು ಕಾಗದದ ಸುರುಳಿಗಳನ್ನು ಕಂಕುಳಲ್ಲಿಟ್ಟುಕೊಂಡು ಅವಳು ಎಷ್ಟು ಮೆಟ್ಟಿಲಿಳಿದಿದ್ದಳೋ! ಆ 'ಆದರೆ' ಎಂಬ ಪದವನ್ನು ಕಂಡುಹಿಡಿದವನು ನನ್ನ ಕೈಗೆ ಸಿಗಬೇಕಿತ್ತು.

ಅವಳ ತಗಡುಗಳಿಗೆ ಮಸಿ ತುಂಬಿ ಅಚ್ಚೆತ್ತುವವನು ಎದುರುಸಾಲಿನ ಮನೆಯಲ್ಲಿದ್ದ ಅಚ್ಚಿನ ಕೆಲಸಗಾರ. ಉಗುರಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗದ್ದರಿಂದ ಬೀದಿಗೆಲ್ಲ ಅವನು ಮಸಿರಾಯ. ಮೃದುಭಾಷಿ, ಯಾರಾದರೂ ಮದುವೆಯ ಮಾತೆತ್ತಿದರೆ ಎದ್ದುಹೋಗಿ ಯಂತ್ರಕ್ಕೆ ಎಣ್ಣೆ ಬಿಡುವುದು ಅವನ ರೂಢಿ, ಆ ಯಂತ್ರ ಹಾಗೆ ಕುಡಿದ ಎಣ್ಣೆಗೆ ಲೆಕ್ಕವಿಲ್ಲ. ಅವನು ತಗಡನ್ನು ಒರೆಸುತ್ತಿದ್ದುದು ಬಟ್ಟೆಯಿಂದಲ್ಲ, ಅಂಗೈಯ ಬುಡದಿಂದ. ಎಲ್ಲಿ ಮಸಿ ತುಸು ಉಳಿಯಬೇಕು, ಎಲ್ಲಿ ಪೂರ್ತಿ ಹೋಗಬೇಕು ಎಂಬುದನ್ನು ಅವಳು ಕತ್ತಿನ ಒಂದು ಚಲನೆಯಿಂದ ಸೂಚಿಸುತ್ತಿದ್ದಳು. ಅವನು ಅಷ್ಟರಿಂದಲೇ ಗೂಬೆಯ ಬೆನ್ನ ಹಿಂದೆ ಸಂಧ್ಯೆಯನ್ನು, ಕತ್ತೆಯ ಕಾಲಡಿ ಧೂಳನ್ನು ಉಳಿಸಿಬಿಡುತ್ತಿದ್ದ. ವರ್ಷಾನುವರ್ಷ ಹೀಗೆ, ಒಬ್ಬರ ಮೌನದ ಮೇಲೆ ಒಬ್ಬರು ಕೈಯಾಡಿಸುತ್ತ ಬಂದವರು ಅವರು.

ಕೆಳಗಿನ ಕೋಣೆಯಲ್ಲಿ ಚಿತ್ರಗಾರ್ತಿಯ ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಮೇಲಿನ ಮೌನ ಅವಳಿಗೆ ಸಹಿಸಲಾಗದ ವಿಷಯ. "ಒಬ್ಬಳು ತಗಡು ಕೆರೀತಾಳೆ, ಒಬ್ಬರು ತಗಡು ಒರೆಸ್ತಾರೆ, ಇಬ್ಬರಿಗೂ ದೇವರು ಬಾಯಿ ಕೊಟ್ಟಿದ್ದು ದಂಡ!" ಎಂದು ಹೊಲಿಗೆಯಂತ್ರದ ಸದ್ದಿನ ಮೇಲೆ ಕೂಗಿ ಹೇಳುತ್ತಿದ್ದಳು.

ಆ ಬಾಯಿ ಕೊನೆಗೊಮ್ಮೆ ತೆರೆಯಿತು. ಒದ್ದೆ ಹಾಳೆಗಳನ್ನು ದಾರಕ್ಕೆ ಸಿಕ್ಕಿಸುತ್ತಿದ್ದ ಒಂದು ಮಧ್ಯಾಹ್ನ, ಮಸಿರಾಯ ಉರುಳೆಯ ಹಲ್ಲುಚಕ್ರವನ್ನು ದಿಟ್ಟಿಸುತ್ತ ಹೇಳಿದ: "ಅಲ್ಲ... ಇಷ್ಟು ವರ್ಷ ಆಯ್ತು. ನಾವು ಮದುವೆ ಆಗಬಹುದಲ್ವಾ?"

"ಯಂತ್ರಾನ ಕೇಳ್ತಿದೀರಾ, ನನ್ನನ್ನಾ?"

ಅವನು ತಿರುಗಿ ನೋಡಿದ. ನೋಡಿ, ಇನ್ನೊಂದು ಸಲ ಕೇಳುವ ಧೈರ್ಯವಾಗದೆ, ಕಿವಿಯವರೆಗೂ ಕೆಂಪಾದ. ಅವಳ ಎದೆಯಲ್ಲಿ ಅದೇನು ತರಂಗ ಎದ್ದಿತೋ... ಕಾಣಗೊಡದೆ, ಕೈಯಲ್ಲಿದ್ದ ಹಾಳೆಯನ್ನು ದಾರಕ್ಕೆ ಸಿಕ್ಕಿಸಿ, "ಪ್ರದರ್ಶನ ಮುಗೀಲಿ ರಾಯರೇ, ಉತ್ತರ ಹೇಳ್ತೀನಿ" ಎಂದಳು.

ಹೌದು, ಪ್ರದರ್ಶನ! ನಗರದ ಕಲಾಭವನ ಕಡೆಗೂ ಅವಳಿಗೆ ತನ್ನ ದೊಡ್ಡ ಹಜಾರವನ್ನು ಕೊಟ್ಟಿತ್ತು. ಕೊಟ್ಟದ್ದು ಕತ್ತೆಗಾಗಿಯೂ ಅಲ್ಲ, ಗೂಬೆಗಾಗಿಯೂ ಅಲ್ಲ. ಅವಳು ಹೊಸದಾಗಿ ರಾಣಿಯ ಚಿತ್ರವೊಂದನ್ನು ಬರೆಯುತ್ತಿದ್ದಾಳೆಂಬ ಸುದ್ದಿಗಾಗಿ. ಆ ರಾಣಿ ಆ ನಗರದ ಇತಿಹಾಸದ ಕಣ್ಮಣಿ. ಶತ್ರುಸೈನ್ಯ ಕೋಟೆಯನ್ನು ಮುತ್ತಿದಾಗ ಗೋಡೆಯ ಮೇಲೆ ತಾನೇ ನಿಂತು ಹೆಬ್ಬಾಗಿಲನ್ನು ಕಾದವಳು. ಸಿಡಿದ ಕಲ್ಲಿನ ಚೂರೊಂದು ಅವಳ ಎಡಗಣ್ಣನ್ನು ಕಿತ್ತುಕೊಂಡು ಹೋಯಿತು. ಅವಳು ಸೆರಗಿನ ತುದಿ ಹರಿದು ಕಟ್ಟಿಕೊಂಡು, ಬೆಳಗಾಗುವವರೆಗೆ ಆ ಜಾಗ ಬಿಟ್ಟು ಕದಲಲಿಲ್ಲ. ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ ಇದು. ಆದರೂ ನೋಡಿ ಈ ಲೋಕದ ನಾಚಿಕೆಗೇಡನ್ನು... ಆಸ್ಥಾನದ ಚಿತ್ರಕಾರರು ಅವಳನ್ನು ಎಂದೆಂದಿಗೂ ಬಲಪಕ್ಕದಿಂದಲೇ ಬರೆದರು, ನಾಣ್ಯದಲ್ಲೂ ಬಲಪಕ್ಕ, ಚೌಕದಲ್ಲಿ ನಿಲ್ಲಿಸಿದ ಅಮೃತಶಿಲೆಯ ಪ್ರತಿಮೆಗಂತೂ ಕಮಲದಳದಂಥ ಎರಡೆರಡು ಕಣ್ಣು! ಊರನ್ನು ಉಳಿಸಿದ ಗಾಯವನ್ನೇ ಊರು ಕಾಣಲಾರದೆ ಹೋಯಿತು.

ಚಿತ್ರಗಾರ್ತಿ ಅವಳನ್ನು ಎದುರುಮುಖವಾಗಿ ಬರೆದಳು. ಮುಚ್ಚಿಲ್ಲ, ಕಟ್ಟಿಲ್ಲ. ಬಲಗಣ್ಣು ಚಿತ್ರದ ಎಡಬದಿಯ ಹೆಬ್ಬಾಗಿಲಿನತ್ತ ನೆಟ್ಟಿದೆ, ಶತ್ರು ಬರುವುದು ಅಲ್ಲಿಂದ. ಎಡಗಣ್ಣಿರಬೇಕಾದಲ್ಲಿ ಸೂಕ್ಷ್ಮಾತಿಸೂಕ್ಷ್ಮ ಗೆರೆಗಳ ಒಂದು ಬಲೆ, ಮಾಗಿದ ಗಾಯ; ಅದರ ಸುತ್ತ ಚರ್ಮ ಹೇಗೆ ಸೆಳೆದುಕೊಳ್ಳುತ್ತದೆ ಎಂಬುದನ್ನು ಬರೆಯಲು ಅವಳು ಒಂದು ಋತುವನ್ನೇ ಕಳೆದಿದ್ದಳು. ಆ ಮುಖದಲ್ಲಿ ದೈನ್ಯವಿಲ್ಲ, ವೀರಾವೇಶವೂ ಇಲ್ಲ. ಇನ್ನೂ ಬಹಳ ಹೊತ್ತು ನಿಲ್ಲಬೇಕಾಗಿದೆ ಎಂದು ಬಲ್ಲ ಹೆಂಗಸಿನ ಮುಖ ಅದು. ಮೊದಲ ಅಚ್ಚು ಎತ್ತಿದ ದಿನ ಮಸಿರಾಯ ಹಾಳೆಯನ್ನು ದಾರಕ್ಕೆ ಸಿಕ್ಕಿಸುವುದನ್ನೇ ಮರೆತಿದ್ದ.

ಪ್ರದರ್ಶನಕ್ಕೆ ವಾರವೊಪ್ಪತ್ತು ಇರುವಾಗ ಕಲಾಭವನದ ಅಧ್ಯಕ್ಷರು ಚಿತ್ರಗಳನ್ನು ನೋಡಲು ಮಹಡಿ ಹತ್ತಿ ಬಂದರು. ಗಂಧದೆಣ್ಣೆ ಹಚ್ಚಿದ ಕ್ರಾಪು, ಬೆಳ್ಳಿಹಿಡಿಯ ಊರುಗೋಲು, ಪ್ರತಿಯೊಂದು ಚಿತ್ರದ ಮುಂದೂ ಒಂದು 'ಆಹಾ'. ಕತ್ತೆಯ ಹರಿದ ಕಿವಿಯನ್ನು ನೋಡಿ, "ಎಂಥ ನೈಜತೆ! ಎಂಥ ಕಾರುಣ್ಯ!" ಎಂದು ಕರವಸ್ತ್ರ ತೆಗೆದರು. ರಾಣಿಯ ಮುಂದೆ ಬಂದಾಗ ಕರವಸ್ತ್ರ ಮತ್ತೆ ಜೇಬಿಗೆ ಹೋಯಿತು.

"ಇದೇನಿದು? ಕಣ್ಣು ಎಲ್ಲಿ?"

"ಹೋಗಿದೆ."

"ಹೋಗಿದೆ ಅಂದ್ರೆ? ಚೌಕದ ಪ್ರತಿಮೇಲಿ ಎರಡೂ ಇದಾವಲ್ಲ!"

"ಪ್ರತಿಮೆ ಯುದ್ಧಕ್ಕೆ ಹೋಗಿರಲಿಲ್ಲ."

ಅಧ್ಯಕ್ಷರು ನಕ್ಕರು, ದೊಡ್ಡಮನಸ್ಸಿನ ನಗು. "ನೋಡಿ, ಜನ ಮಕ್ಕಳು ಮರಿ ಕರ್ಕೊಂಡು ಬರ್ತಾರೆ. ರಾಣಿ ಅಂದ್ಮೇಲೆ ಒಂದು ಲಕ್ಷಣ, ಒಂದು ಭವ್ಯತೆ ಬೇಡ್ವಾ? ಆಹ್ವಾನಪತ್ರಿಕೇಲಿ ರಾಣಿ ಹೆಸರು ಹಾಕಿಸಿದ್ದೀವಿ, ರಾಣಿ ಇಲ್ಲದಿದ್ರೆ ಪ್ರದರ್ಶನವೇ ಇಲ್ಲ. ಹಾಗಂತ ಇವಳನ್ನ ಹೀಗೇ ತೂಗುಹಾಕೋಕೂ ಆಗಲ್ಲ. ಒಂಚೂರು ಸರಿಮಾಡಿಬಿಡಿ. ಒಂದು ಕಣ್ಣು ತಾನೆ!"

ಒಂದು ಕಣ್ಣು ತಾನೆ! ಓದುಗರೇ, ಮೊದಲೇ ಹೇಳಿದ್ದೆನಲ್ಲ, ಇಗೋ ನನ್ನ ಸಿಟ್ಟು. ಕತ್ತೆಯ ಕಿವಿ ಹರಿದಿದ್ದರೆ ಅದು ಕಾರುಣ್ಯ, ಕುದುರೆಯ ಹೆಗಲಮೂಳೆ ಎದ್ದಿದ್ದರೆ ಅದು ನೈಜತೆ. ಹೆಂಗಸೊಬ್ಬಳು ತನ್ನ ಜನಕ್ಕಾಗಿ ಕಳೆದುಕೊಂಡ ಕಣ್ಣು ಮಾತ್ರ ಲಕ್ಷಣಕ್ಕೆ ಕುಂದು! ಚಿತ್ರಗಾರ್ತಿಯ ಮುಖ ಒಮ್ಮೆ ಬಿಳಿಚಿಕೊಂಡು ಮತ್ತೆ ರಕ್ತವರ್ಣಕ್ಕೆ ತಿರುಗಿತು.

"ಒಂದೇ ಯಾಕೆ ಸ್ವಾಮಿ? ಹಣೆ ಮೇಲೂ ಒಂದು ಕೊಟ್ಬಿಡಿ! ಬೆನ್ನಿಗೊಂದು ಕೊಡಿ! ಏನ್ ಬೇಕಾದ್ರೂ ಮಾಡ್ಕೊಳ್ಳಿ!" ಎಂದವಳೇ ದಡದಡನೆ ಮೆಟ್ಟಿಲಿಳಿದು ಅಕ್ಕನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಧ್ಯಕ್ಷರು ಮಸಿರಾಯನ ಕಡೆ ತಿರುಗಿದರು. "ಒಪ್ಪಿದ್ರಲ್ಲ, ಅಷ್ಟೇ ಬೇಕಾಗಿದ್ದು. ನೀವು ಮಾಡ್ತೀರಲ್ವಾ?"

ಅವಳ ವ್ಯಂಗ್ಯ ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಅವಳ ಕತ್ತಿನ ಚಲನೆಯನ್ನು ಓದಬಲ್ಲವನು ಅವಳ ಕೂಗನ್ನು ಓದಲಾರನೇ? ಆದರೆ ಆ ಗಳಿಗೆಯಲ್ಲಿ ಅವನ ಕಣ್ಣೆದುರು ಬಂದದ್ದು ರಾಣಿಯಲ್ಲ. ಸುರುಳಿಗಳನ್ನು ಕಂಕುಳಲ್ಲಿಟ್ಟು ಮೆಟ್ಟಿಲಿಳಿಯುತ್ತಿದ್ದ ಅವಳ ಬೆನ್ನು, ಮನೆಗೆ ಬಂದು ಏನೂ ಆಗಿಲ್ಲವೆಂಬಂತೆ ಸೂಜಿ ಮಸೆಯುತ್ತಿದ್ದ ಅವಳ ಕೈ. ಇದೊಂದು ಸಲ, ಒಂದೇ ಒಂದು ಸಲ, ಅವಳ ಕತ್ತೆ, ಗೂಬೆ, ಕುದುರೆಗಳೆಲ್ಲ ದೊಡ್ಡ ಗೋಡೆಯ ಮೇಲೆ ದೀಪದ ಬೆಳಕು ಕಾಣಲಿ ಎಂದು ಅವನ ಜೀವ ಹಂಬಲಿಸಿತು. ಒಲವಿಗೆ ಇಂಥ ಕ್ಷಣಗಳಲ್ಲಿ ಬುದ್ಧಿಯಿರುವುದಿಲ್ಲ, ಕೈಗಳು ಮಾತ್ರ ಇರುತ್ತವೆ... ಅವನು ತಲೆಯಾಡಿಸಿದ.

ಮರುದಿನ ಅವಳು ಚೌಕಟ್ಟು ಹಾಕುವವನ ಅಂಗಡಿಗೆ ಹೋಗಿದ್ದಾಗ ಮಸಿರಾಯ ರಾಣಿಯ ತಗಡನ್ನು ಕಿಟಕಿಯಡಿ ಇಟ್ಟುಕೊಂಡು ಕೂತ. ನುಣುಪಾದ ಉಕ್ಕಿನ ಕಡ್ಡಿಗೆ ಎಣ್ಣೆ ಸವರಿ, ಗಾಯದ ಗೆರೆಗಳನ್ನು ಉಜ್ಜಿ ಉಜ್ಜಿ ಮುಚ್ಚತೊಡಗಿದ. ಒಂದು ಋತುವಿನ ಕೆಲಸ ಒಂದು ಬೆಳಗಿನಲ್ಲಿ ಮಾಯವಾಯಿತು. ಅಲ್ಲಿ ಚೂಪು ಉಳಿಯಿಂದ ಹೊಸ ಕಣ್ಣು ಕೊರೆಯಬೇಕು. ಅದು ಬಲಗಣ್ಣಿಗೆ ಹೊಂದಬೇಕು. ಆದ್ದರಿಂದ ಹಳೆಯ ಅಚ್ಚೊಂದನ್ನು ಎದುರಿಗೆ ನಿಲ್ಲಿಸಿಕೊಂಡ. ಅಚ್ಚಿನಲ್ಲಿ ಬಲಗಣ್ಣಿನ ಪಾಪೆ ಎಡಮೂಲೆಯಲ್ಲಿತ್ತು. ಅವನೂ ತಗಡಿನಲ್ಲಿ ಪಾಪೆಯನ್ನು ಎಡಮೂಲೆಗೇ ಇಟ್ಟ. ಜೀವಮಾನವೆಲ್ಲ ಎಡವನ್ನು ಬಲಕ್ಕೆ, ಬಲವನ್ನು ಎಡಕ್ಕೆ ಮಗುಚುತ್ತಲೇ ಬದುಕಿದ ಮನುಷ್ಯ ಅದೊಂದು ದಿನ ಮಗುಚುವುದನ್ನು ಮರೆತ! ಅವನ ಮನಸ್ಸು ತಾಮ್ರದ ಮೇಲಿರಲಿಲ್ಲ. ಅವಳು ತನ್ನ ಚಿತ್ರಗಳ ಮುಂದೆ ನಿಂತು ನಗುವ ಮುಖದ ಮೇಲಿತ್ತು.

ಹಾಳೆ ಎತ್ತಿದ ಕೂಡಲೇ ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ರಾಣಿಯ ಒಂದು ಕಣ್ಣು ಹೆಬ್ಬಾಗಿಲನ್ನು ನೋಡುತ್ತಿತ್ತು, ಇನ್ನೊಂದು ಹಿತ್ತಿಲ ಕಡೆ ನೋಡುತ್ತಿತ್ತು. ಮಹಾರಾಣಿಗೆ ಮೆಳ್ಳೆಗಣ್ಣು! ಅಷ್ಟರಲ್ಲಿ ಅಧ್ಯಕ್ಷರು ಖುದ್ದಾಗಿ ಬಂದು ನಿಂತಿದ್ದರು. "ತಪ್ಪಾಗಿದೆ, ಇನ್ನೊಂದಿನ ಕೊಡಿ" ಎಂದು ಅವನು ಅಂಗಲಾಚಿದ. "ಎಲ್ಲಿ ತಪ್ಪು? ಎಷ್ಟು ಕಳೆಕಳೆಯಾಗಿದ್ದಾಳೆ ಈಗ! ಇದೇ ಇರಲಿ, ಇದೇ ಇರಲಿ!" ಎನ್ನುತ್ತ ಅವರು ಹಸಿ ಹಾಳೆಯನ್ನು ಒತ್ತುಕಾಗದದ ನಡುವೆ ಇಡಿಸಿಕೊಂಡು ಹೊರಟೇಹೋದರು. ಕಲೆಯ ಭವನಕ್ಕೆ ಅಧ್ಯಕ್ಷ! ಎರಡು ಕಣ್ಣಿವೆಯೇ ಎಂದು ಎಣಿಸಿ ನೋಡಿದನೇ ಹೊರತು ಅವು ಎತ್ತ ನೋಡುತ್ತಿವೆ ಎಂದು ನೋಡಲಿಲ್ಲ.

ಸಂಜೆ ಅವಳು ಬಂದಾಗ ಮಸಿರಾಯ ಎಲ್ಲವನ್ನೂ ಹೇಳಬೇಕೆಂದೇ ನಿಂತಿದ್ದ. ಮಾತು ಹೊರಟದ್ದು ಹೀಗೆ: "ಅಧ್ಯಕ್ಷರು ಒಪ್ಪಿದ್ರು. ರಾಣಿ ಗೋಡೆಗೆ ಹೋಗ್ತಾಳೆ."

"ಒಪ್ಪಿದ್ರಾ! ನನ್ನ ರಾಣೀನಾ!" ಎಂದು ಅವಳು ಹಾರಿಬಂದು ಅವನ ಮಸಿಗೈಯನ್ನು ತನ್ನೆರಡೂ ಕೈಗಳಿಂದ ಹಿಡಿದುಕೊಂಡಳು. ಇಷ್ಟು ವರ್ಷಗಳಲ್ಲಿ ಅದೇ ಮೊದಲು... ಅವಳ ಕಣ್ಣಂಚಿನಲ್ಲಿ ನೀರು, ತುಟಿಯಂಚಿನಲ್ಲಿ ಆ ಕೊಡಬೇಕಾದ ಉತ್ತರದ ಅರುಣರೇಖೆ! ಆ ಕೈಯೊಳಗಿನಿಂದ ತನ್ನ ಕೈ ಬಿಡಿಸಿಕೊಂಡು, 'ಇಲ್ಲ, ನಾನೇ ಕಣ್ಣು ಕೊರೆದುಕೊಟ್ಟೆ' ಎನ್ನುವ ಬಾಯಿ ಯಾರಿಗಿದ್ದೀತು? ಅವನಿಗಿರಲಿಲ್ಲ. ನಾಳೆ ಹೇಳುತ್ತೇನೆಂದುಕೊಂಡ. ಆ ನಾಳೆಯೂ, ಅದರ ಮರುದಿನವೂ ಅವಳ ಸಂಭ್ರಮದ ಮುಂದೆ ನಾಲಿಗೆ ಏಳಲಿಲ್ಲ, ಬಟ್ಟೆ ಸುತ್ತಿಟ್ಟ ತಗಡನ್ನು ಅವಳೂ ಬಿಚ್ಚಿ ನೋಡಲಿಲ್ಲ; ಹೇಡಿತನಕ್ಕೂ ಒಲವಿಗೂ ನಡುವಿನ ಗೆರೆ ಅಳಿಸುತ್ತ ಬಂತು.

ಪ್ರದರ್ಶನದ ಸಂಜೆ ಹಜಾರದ ತುಂಬ ದೀಪಗಳು, ಹೊಸಬಟ್ಟೆಯ ಸರಭರ, ಹಿತಮಿತದ ನಗು. ಅಕ್ಕ ತಾನೇ ಹೊಲಿದ ಬೂದುಬಣ್ಣದ ಉಡುಪನ್ನು ತಂಗಿಗೆ ತೊಡಿಸಿ ಕರೆತಂದಿದ್ದಳು. ಕತ್ತೆಯ ಮುಂದೆ, ಗೂಬೆಯ ಮುಂದೆ, ರೆಕ್ಕೆಕುದುರೆಯ ಮುಂದೆ ಜನ ನಿಂತಿದ್ದರು, ನಿಜವಾಗಿಯೂ ನಿಂತಿದ್ದರು! ಚಿತ್ರಗಾರ್ತಿ ಆ ಗುಂಪುಗಳ ನಡುವೆ ನಡೆದಳು. ಅವಳ ಹೆಜ್ಜೆಗೆ ಹದಿಹರೆಯ ಬಂದಿತ್ತು. ಎದುರುಗೋಡೆಯ ನಟ್ಟನಡುವೆ ರಾಣಿ. ಹತ್ತಿರ ಹೋದಳು. ಇನ್ನೂ ಹತ್ತಿರ ಹೋದಳು.

ಓದುಗರೇ, ತನ್ನ ಮಗುವಿನ ಮುಖವನ್ನು ಯಾರೋ ಬದಲಿಸಿ ಮಲಗಿಸಿದ್ದಾರೆಂದು ತಿಳಿದ ತಾಯಿಯ ಸ್ಥಿತಿಯನ್ನು ನಾನು ವರ್ಣಿಸಲಾರೆ, ನೀವೇ ತಿಳಿದುಕೊಳ್ಳಿ. ಕೊರೆದ ಗೆರೆಯ ಹದ ನೋಡಿದಳು. ಆ ಕೈ ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಸುತ್ತಲೂ ಕಣ್ಣಾಡಿಸಿದಾಗ ಕಂಬದ ಪಕ್ಕ ತಲೆತಗ್ಗಿಸಿ ನಿಂತ ಮಸಿರಾಯ ಕಂಡ. ಅಷ್ಟೇ. ಅವಳು ಕೈಯೆತ್ತಿ ಚೌಕಟ್ಟನ್ನು ಮೊಳೆಯಿಂದ ತೆಗೆದಳು.

"ಏನ್ ಮಾಡ್ತಿದೀರಿ!" ಅಧ್ಯಕ್ಷರು ಓಡಿಬಂದರು. "ಎಲ್ಲರೂ ನೋಡ್ತಿದಾರೆ!"

"ನೋಡ್ಲಿ. ನೀವು ನೋಡಿದ್ರಾ? ಇವಳು ಎತ್ತ ನೋಡ್ತಿದಾಳೆ ಹೇಳಿ."

ಅಧ್ಯಕ್ಷರು ಆಗ ನೋಡಿದರು. ಮೊದಲು ಒಂದು ಕಣ್ಣನ್ನು, ಆಮೇಲೆ ಇನ್ನೊಂದನ್ನು. ಕರವಸ್ತ್ರ ಮತ್ತೆ ಹೊರಬಂತು, ಈ ಸಲ ಹಣೆ ಒರೆಸಲು.

"ಊರು ಉಳಿಸಿದ್ದಕ್ಕೆ ಇವಳಿಗೆ ಇದು ಬಹುಮಾನ," ಎಂದು ಹೇಳಿ, ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಅವಳು ಅಕ್ಕನೊಂದಿಗೆ ಹಜಾರ ದಾಟಿ ಹೋದಳು. ಇನ್ನು ಕಲಾಭವನವೇನು ಮಾಡಿತೆಂದು ಕೇಳಿ. 'ತಾಂತ್ರಿಕ ಕಾರಣದಿಂದ ಒಂದು ಕೃತಿಯನ್ನು ಹಿಂಪಡೆಯಲಾಗಿದೆ' ಎಂಬ ಚೀಟಿ ಅಂಟಿಸಿ, ಖಾಲಿಗೋಡೆ ಎದ್ದು ಕಾಣದಿರಲೆಂದು ಅಲ್ಲೊಂದು ಹೂಕುಂಡ ತಂದಿಟ್ಟಿತು. ತಾಂತ್ರಿಕ ಕಾರಣ! ಹೂಕುಂಡ! ಜನ ಹೂವನ್ನೂ ನೋಡಿಕೊಂಡು ಹೋದರಂತೆ.

ಮಸಿರಾಯ ಅಕ್ಕತಂಗಿಯರ ಹಿಂದೆಯೇ ಬಂದು ಮಹಡಿಯ ಬಾಗಿಲಲ್ಲಿ ನಿಂತ. ಅವಳು ತಗಡನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಸವರುತ್ತಿದ್ದಳು. ಗಾಯವಿದ್ದ ಜಾಗ ನುಣ್ಣಗಿತ್ತು.

"ನನ್ನನ್ನ ಕೇಳಿದ್ರಾ?"

"ನೀವು ಅಂದಿದ್ದು ಕೇಳಿದೆ... 'ಏನ್ ಬೇಕಾದ್ರೂ ಮಾಡ್ಕೊಳ್ಳಿ' ಅಂತ..."

"ಅದು ಕಿವೀಲಿ ಕೇಳಿದ್ದು. ನಾನು ಹೇಳ್ತಿರೋದು ಬಾಯಲ್ಲಿ ಕೇಳೋದು. ಬಾಯಿಬಿಟ್ಟು ನನ್ನನ್ನ ಕೇಳಿದ್ರಾ?"

"ಇಲ್ಲ."

"ಯಾಕೆ?"

"ಕೇಳಿದ್ರೆ ಬೇಡ ಅಂತಿದ್ರಿ."

ಆ ಪ್ರಾಮಾಣಿಕತೆ ಅವಳ ಕೋಪಕ್ಕೆ ತುಪ್ಪ ಸುರಿಯಿತು. "ಹಾಗಾದ್ರೆ ಗೊತ್ತಿತ್ತು! ಗೊತ್ತಿದ್ದೂ ಮಾಡಿದ್ರಿ!"

"ನಿಮಗೋಸ್ಕರ ಮಾಡಿದೆ. ನಿಮ್ಮ ಚಿತ್ರ ಒಂದ್ಸಲನಾದ್ರೂ..."

"ಆ ಮಾತು ಬೇಡ! ಚೌಕದಲ್ಲಿ ಪ್ರತಿಮೆ ಮಾಡಿದವನೂ ರಾಣಿಗೋಸ್ಕರಾನೇ ಮಾಡಿದ್ದು. ಹೊರಡಿ ರಾಯರೇ. ನಿಮ್ಮ ಮುಖ ನೋಡೋಕಾಗ್ತಿಲ್ಲ ನನಗೆ."

ಅವನು ಇಳಿದು ಹೋದ. ಕೆಳಗೆ ಅಕ್ಕ ದಾರಿ ಕಟ್ಟಿ ನಿಂತಿದ್ದಳು. ಅವಳ ದನಿಯಲ್ಲಿ ಎಂದಿನ ಗೇಲಿ ಇರಲಿಲ್ಲ. "ಮಸಿರಾಯರೇ, ನಾನು ಎಷ್ಟೋ ಜನಕ್ಕೆ ಬಟ್ಟೆ ಹೊಲಿದಿದೀನಿ. ಅಳತೆ ತಗೊಳ್ದೆ ಯಾರಿಗೂ ಹೊಲಿದಿಲ್ಲ, ಸ್ವಂತ ತಂಗಿಗೂ."

ಕೇಳುವುದು... ಎಂಥ ಪದವನ್ನು ಕೊಟ್ಟಿದೆ ನಮ್ಮ ನುಡಿ! ಪ್ರಶ್ನೆ ಇಡುವುದಕ್ಕೂ ಅದೇ, ಕಿವಿಗೊಡುವುದಕ್ಕೂ ಅದೇ. ಎರಡನ್ನೂ ಒಟ್ಟಿಗೆ ಮಾಡಿ ಎಂಬ ಸಲಹೆ ಅದರೊಳಗಿರಬೇಕು. ನಾವು ಅರ್ಧ ಮಾತ್ರ ಮಾಡಿ ಪೂರ್ತಿ ಮಾಡಿದೆವೆಂದುಕೊಳ್ಳುತ್ತೇವೆ. ಮಸಿರಾಯ ತನ್ನ ಮನೆಯ ಹೊಸ್ತಿಲಲ್ಲಿ ಕುಳಿತು ಇದನ್ನೇ ಯೋಚಿಸಿದ. ಎದುರುಕಿಟಕಿ ಮುಚ್ಚಿತ್ತು. ಪ್ರದರ್ಶನ ಮುಗಿಯಿತು, ಕತ್ತೆ ಗೂಬೆಗಳೆಲ್ಲ ಕಾಗದ ಸುತ್ತಿಕೊಂಡು ಮನೆಗೆ ಬಂದವು, ಮಳೆಗಾಲ ಹಿಂದೆಗೆದು ಆಕಾಶ ಎತ್ತರವಾಯಿತು. ಉತ್ತರ ಬರಬೇಕಾದ ದಿನ ಬಂದು ದಾಟಿಹೋಯಿತು. ಅವನು ಉತ್ತರಕ್ಕಾಗಿ ಹೋಗಲಿಲ್ಲ. ಆ ಉತ್ತರ ಏನೆಂದು ತನಗೆ ತಿಳಿದಿದೆ, ತಾನೇ ಅದನ್ನು ಉಕ್ಕಿನ ಕಡ್ಡಿಯಿಂದ ಉಜ್ಜಿ ಅಳಿಸಿದ್ದೇನೆ ಎಂದು ನಂಬಿಬಿಟ್ಟಿದ್ದ.

ಮಹಡಿಯ ಮೇಲೆ ಅವಳ ಸ್ಥಿತಿಯೂ ಸುಖದ್ದಾಗಿರಲಿಲ್ಲ. ಕೋಪವೆಂಬುದು ವಿಚಿತ್ರ ಅತಿಥಿ. ಬಂದಾಗ ಮನೆತುಂಬ ಸದ್ದು, ದಿನ ಕಳೆದಂತೆ ಮೂಲೆಯಲ್ಲಿ ಕುಳಿತು ನಮ್ಮ ಮುಖವನ್ನೇ ನೋಡುತ್ತದೆ. ಅವನನ್ನು ಪೂರ್ತಿ ದ್ವೇಷಿಸಲು ಅವಳು ಮನಃಪೂರ್ವಕ ಪ್ರಯತ್ನಿಸಿದಳು. ಆಗುತ್ತಿರಲಿಲ್ಲ. ಆಗುತ್ತಿಲ್ಲವೆಂದು ಮತ್ತಷ್ಟು ಸಿಟ್ಟು ಬರುತ್ತಿತ್ತು. ಆ ಅಧ್ಯಕ್ಷ ರಾಣಿಗೆ ಕಣ್ಣು ಕೊಡಿಸಿದ್ದು ತನ್ನ ಹಜಾರದ ಅಂದಕ್ಕಾಗಿ, ಅವನನ್ನು ಮರೆಯಬಹುದು. ಇವನು ಕೊಟ್ಟದ್ದು ಪ್ರೀತಿಗಾಗಿ, ಅದಕ್ಕೇ ಇದು ಮರೆಯಲಾಗದ ನೋವು! ಕೊನೆಗೊಂದು ಬೆಳಗ್ಗೆ ಅವಳು ಮೆಟ್ಟಿಲ ತುದಿಯಿಂದ ಕೂಗಿದಳು: "ಅಕ್ಕಾ, ಅವರನ್ನ ಕರಿ."

ಅಕ್ಕನಿಗೆ ಇಷ್ಟು ಸಾಕಾಗಿತ್ತು. ಹೊಲಿಗೆ ಬಿಟ್ಟೆದ್ದು ಬೀದಿಗೇ ಕೇಳುವಂತೆ, "ಮಸಿರಾಯರೇ, ಬರಬೇಕಂತೆ! ಬೈಸಿಕೊಳ್ಳೋಕೋ ಏನೋ, ಆದ್ರೂ ಬನ್ನಿ!" ಎಂದಳು.

ಅವನು ಬಂದಾಗ ಮೇಜಿನ ಮೇಲೆ ತಗಡು, ಪಕ್ಕದಲ್ಲಿ ಹೆರೆಯುವ ಮೂರಂಚಿನ ಅಲಗು. ಅವಳು ಕೂರಲು ಹೇಳಲಿಲ್ಲ. "ನೀವು ಕೊಟ್ಟ ಕಣ್ಣು ನೀವೇ ತೆಗೀರಿ."

"ನನ್ನ ಕೈ ನಡುಗ್ತಿದೆ."

"ನಡುಗಲಿ."

ಅವನು ಕುಳಿತ. ಅಲಗು ತಾಮ್ರಕ್ಕೆ ತಾಗಿದಾಗ ಬಂದ ಕಿರುಸದ್ದಿಗೆ ಇಬ್ಬರ ಮೈಯೂ ಜುಮ್ಮೆಂದಿತು. ಒಂದೊಂದೇ ಎಳೆ ಸುರುಳಿ ಸುತ್ತಿ ಏಳುತ್ತಿತ್ತು, ಹೊಳೆಯುವ ಕೆಂಪು ಎಳೆಗಳು... ಅವನು ತಲೆಯೆತ್ತಿ, "ಇಷ್ಟು ಸಾಕಾ?" ಎಂದು ಕೇಳಿದ.

"ಇನ್ನೂ."

ಮತ್ತೆ ಹೆರೆದ. "ರೆಪ್ಪೆ ಹತ್ರ ನಿಲ್ಲಿಸಲಾ?"

"ಬೇಡ. ಅದೂ ಹೋಗ್ಲಿ."

ಉಜ್ಜಿ ಮುಚ್ಚಿದ ಹಳೆಯ ಗಾಯದ ಗೆರೆಗಳು ತಳದಲ್ಲಿ ಅಲ್ಲಲ್ಲಿ ಮತ್ತೆ ಕಾಣಿಸಿಕೊಂಡವು; ತಾಮ್ರ ಎಲ್ಲವನ್ನೂ ಮರೆತಿರಲಿಲ್ಲ. ಆದರೆ ಇಷ್ಟು 'ಕೊಟ್ಟು ತೆಗೆದ' ಜಾಗದಲ್ಲಿ ತಗಡು ತೆಳುವಾಗಿ ಒಂದು ಹಳ್ಳ ಬಿದ್ದಿತ್ತು. ಕಸುಬಿನ ರೀತಿಯೆಂದರೆ ಹಿಂಬದಿಯಿಂದ ಮೆಲ್ಲಗೆ ಬಡಿದು ಅದನ್ನು ಮೇಲೆತ್ತಿ ಸಮ ಮಾಡುವುದು. ಅವನ ಕೈ ಅಭ್ಯಾಸಬಲದಿಂದ ಸುತ್ತಿಗೆಯತ್ತ ಹೋಗಿ, ಅರ್ಧದಲ್ಲೇ ನಿಂತಿತು.

"ಹಿಂದಿನಿಂದ ಬಡಿದು ಸಮ ಮಾಡಲಾ?"

ಅವಳು ಆ ಹಳ್ಳದ ಮೇಲೆ ಬೆರಳಾಡಿಸಿದಳು. "ಬೇಡ. ಇರಲಿ. ಆಗಿದ್ದು ಆಗಿದೆ, ಕಾಣಲಿ."

ಮಸಿ ತುಂಬಿದ. ಅಂಗೈಯ ಬುಡದಿಂದ ಒರೆಸುತ್ತ ಪ್ರತಿ ಮೂಲೆಗೂ ನಿಂತ. ಪ್ರತಿ ಮೂಲೆಗೂ ಕೇಳಿದ. ಕತ್ತಿನ ಚಲನೆಯಿಂದಲೇ ಎಲ್ಲ ಬಲ್ಲೆನೆಂದು ಅಷ್ಟು ವರ್ಷ ಸುಮ್ಮನಿದ್ದವನು ಅಂದು ಬಾಯಿಬಿಟ್ಟು ಕೇಳಿದ. ಅವಳು ಬಾಯಿಬಿಟ್ಟು ಹೇಳಿದಳು. ಕೆಳಗೆ ಹೊಲಿಗೆಯಂತ್ರ ಯಾವಾಗಲೋ ನಿಂತಿತ್ತು; ಅಕ್ಕ ಕಿವಿ ನಿಮಿರಿಸಿ ಕೂತಿರಬೇಕು. ಒದ್ದೆ ಹಾಳೆ ಹಾಸಿ, ಉಣ್ಣೆಯ ಹೊದಿಕೆ ಹೊದಿಸಿ, ಅವನು ಚಕ್ರ ತಿರುಗಿಸಿದ. ಉರುಳೆ ಭಾರವಾಗಿ ಉಸಿರೆಳೆದು ಆಚೆ ದಾಟಿತು. ಹಾಳೆಯ ಎರಡು ಮೂಲೆ ಹಿಡಿದು ಅವನು ಅವಳ ಕಡೆ ನೋಡಿದ. ಹಾಳೆ ಎತ್ತುವುದು ಅಚ್ಚಿನವನ ಹಕ್ಕು. ಅದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ.

"ಎತ್ತಲಾ?" ಎಂದ.

ಅವಳು ಹತ್ತಿರ ಬಂದು ನಿಂತಳು. "ಎತ್ತಿ."

ರಾಣಿ ಎದ್ದಳು. ಬಲಗಣ್ಣು ಹೆಬ್ಬಾಗಿಲ ಮೇಲೆ. ಎಡಗಣ್ಣಿನ ಜಾಗದಲ್ಲಿ, ಹಳ್ಳದಲ್ಲಿ ಉಳಿದ ಮಸಿಯ ಗಾಢ ಛಾಯೆ, ಅದರೊಳಗೆ ಹಳೆಯ ಗಾಯದ ಹರಿದ ಗೆರೆಗಳು, ಮೇಲೆ ಅಲಗಿನ ಹೊಸ ಗೀರುಗಳು. ತಗಡಿನ ಹಳ್ಳಕ್ಕೆ ಒತ್ತಿಕೊಂಡ ಕಾಗದ ಅಷ್ಟು ಜಾಗದಲ್ಲಿ ಉಬ್ಬಿ ನಿಂತಿತ್ತು. ಕುರುಡರೂ ಬೆರಳಿನಿಂದ ಮುಟ್ಟಿ ತಿಳಿಯಬಹುದಾದ ಗಾಯ! ಅವಳು ಮೊದಲು ಬರೆದಾಗಿನ ಮುಖಕ್ಕಿಂತ ಇದು ಚೆಲುವಾಗಿತ್ತೆಂದು ನಾನು ಹೇಳಲಾರೆ, ಹಾಗೆ ಹೇಳಿ ಆ ತಪ್ಪಿಗೆ ಬೆಣ್ಣೆ ಹಚ್ಚಲಾರೆ. ಮೊದಲಿನದು ಹೋಯಿತು, ಮತ್ತೆ ಬರುವುದಿಲ್ಲ. ಇದು ಬೇರೆ ಮುಖ, ಇನ್ನೂ ಹೆಚ್ಚು ಕಂಡವಳದು.

"ಹೂಂ," ಎಂದಳು ಚಿತ್ರಗಾರ್ತಿ.

"ಚೆನ್ನಾಗಿ ಬಂತಾ?"

"ಅದಕ್ಕಲ್ಲ. ಆ ಇನ್ನೊಂದಕ್ಕೆ ಹೂಂ."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಹಾಳೆ ಹಿಡಿದ ಕೈ ಇಳಿಸುವುದನ್ನೂ ಮರೆತು, "ಸಿಟ್ಟು... ಹೋಯ್ತಾ?" ಎಂದು ಕೇಳಿದ.

"ಇಲ್ಲ. ಅದಿನ್ನೂ ಇದೆ. ಬಹಳ ದಿನ ಇರುತ್ತೆ. ಸಿಟ್ಟಿಟ್ಕೊಂಡೇ ಹೂಂ ಅಂತಿದೀನಿ. ಆಗುತ್ತಾ?"

"ಆಗುತ್ತೆ," ಎಂದ ಮಸಿರಾಯ. ಅವನ ಕಣ್ಣಿನ ನೀರು ಹಾಳೆಯ ಮೇಲೆ ಬೀಳದಂತೆ ಅವಳು ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

ಒಲಿದ ಜೀವಕ್ಕೆ ಒಂದು ಕೊರತೆಯೂ ಉಳಿಯದಂತೆ ತುಂಬಿಕೊಡಬೇಕೆಂಬ ಹಂಬಲ ಮನುಷ್ಯಹೃದಯದ ಅತಿ ಮಧುರವಾದ ಹಂಬಲ. ಅದರಷ್ಟು ನಿರ್ದಯವಾದದ್ದೂ ಬೇರೊಂದಿಲ್ಲ... ಎದುರಿನ ಮುಖವನ್ನು ಅದು ಇದ್ದಂತೆ ಕಾಣುತ್ತ, ಮುಟ್ಟುವ ಮೊದಲು ಕೇಳುತ್ತ, 'ಬೇಡ' ಎಂದಾಗ ಕೈ ಹಿಂದೆಗೆದು ಅಲ್ಲೇ ಪಕ್ಕದಲ್ಲಿ ನಿಲ್ಲುವುದನ್ನು ಪ್ರೀತಿ ಬಹಳ ತಡವಾಗಿ ಕಲಿಯುತ್ತದೆ, ಬಹಳ ಬೆಲೆ ತೆತ್ತು ಕಲಿಯುತ್ತದೆ. ಕಲಿತವರ ಮನೆಯಲ್ಲಿ ಕೋಪಕ್ಕೂ ಒಂದು ಜಾಗವಿರುತ್ತದೆ. ಅದನ್ನು ಯಾರೂ ಹೊರಗೆ ಹಾಕುವುದಿಲ್ಲ. ಅದು ಅವರಿಬ್ಬರ ನಡುವೆ ಕುಳಿತು, ದಿನದಿನವೂ ತುಸು ಮೆತ್ತಗಾಗುತ್ತ, ಒಬ್ಬರನ್ನೊಬ್ಬರು ಕೇಳುವುದನ್ನು ಮರೆಯಗೊಡದೆ ಅವರ ಜೊತೆಗೇ ಮುಪ್ಪಾಗುತ್ತದೆ.